ನಿಂತು ಗಾಳ ಹಾಕಲು ಯಾವ ಕೆನೂ? ನಾನು ಬಳಸಿ ನೋಡಿದ ಮೂರು ದೋಣಿಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು 12 ಅಡಿಯ ಅಗಲ ತಳದ ಫೈಬರ್‌ಗ್ಲಾಸ್ ಕೆನೂಗೆ, ಅಂದರೆ ಎರಡು ತುದಿಯೂ ಚೂಪಾದ, ಹುಟ್ಟು ಹಾಕುವ ತೆರೆದ ದೋಣಿಗೆ. ಅದು ಬಂದ ಮೇಲೆ ನಾನು ನೀರಿಗಿಳಿಯುವುದು ಜಾಸ್ತಿಯಾಗಿದೆ, ಕೂತು ಗಾಳ ಹಾಕುವುದು ಹೆಚ್ಚುಕಮ್ಮಿ ನಿಂತೇ ಹೋಗಿದೆ. ಅದಕ್ಕೆ ಎದುರಾಳಿಗಳು ಎರಡು. ಒಂದು, ಕೆವ್ಲಾರ್ ಎಂಬ ಹಗುರ, ಗಟ್ಟಿ ನಾರಿನಿಂದ ಮಾಡಿದ 16 ಅಡಿಯ ಕೆನೂ. ಅದನ್ನು ಹಾಗೇ ಬಳಸಿ ನೋಡಿದೆ, ಪಕ್ಕಕ್ಕೆ ಔಟ್‌ರಿಗರ್, ಅಂದರೆ ವಾಲದಂತೆ ತಡೆಯುವ ತೇಲುಬುರುಡೆ ಕಟ್ಟಿಯೂ ನೋಡಿದೆ. ಇನ್ನೊಂದು, ಗಾಳ ಹಾಕುವವರಿಗೆಂದೇ ಮಾಡಿದ ಪ್ಲಾಸ್ಟಿಕ್ ಸಿಟ್-ಆನ್-ಟಾಪ್ ಕಯಾಕ್, ಒಳಗಲ್ಲ, ಮೇಲೆಯೇ ಕೂರುವ ದೋಣಿ.

ಸುಮ್ನೆ ಕೂತು ಗಾಳ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ನಿಂತರೆ ಕಣ್ಣು ಮೇಲಿರುತ್ತದೆ, ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿಕೊಂಡರೆ ಆಳವಿಲ್ಲದ ನೀರಿನಲ್ಲಿ ಜೊಂಡಿನ ಅಂಚು, ಮುಳುಗಿದ ಮರ, ಕೆಲವೊಮ್ಮೆ ಮೀನೇ ಕಾಣುತ್ತದೆ. ಲ್ಯೂರನ್ನು (ಮೀನು ಸೆಳೆಯುವ ನಕಲಿ ಎರೆಯನ್ನು) ಬೇಕಾದ ಜಾಗಕ್ಕೆ ಎಸೆಯುವುದೂ ಸುಲಭ. ಬೆನ್ನಿಗೂ ಆರಾಮ.

ಕೆವ್ಲಾರ್ ದೋಣಿಯ ಮೇಲೆ ನನಗೆ ಒಂದು ದೂರೂ ಇಲ್ಲ, ಕೂತಿರುವ ತನಕ. ಅಷ್ಟುದ್ದ ಇದ್ದರೂ ತೂಕ ಸುಮಾರು 20 ಕಿಲೋ. ಒಬ್ಬನೇ ಹೆಗಲ ಮೇಲೆ ಹೊತ್ತು ನಡೆಯಬಹುದು. ನೇರವಾಗಿ ಓಡುತ್ತದೆ, ಹುಟ್ಟು ಹಾಕಿದ ಶ್ರಮ ಒಂಚೂರೂ ವ್ಯರ್ಥವಾಗುವುದಿಲ್ಲ. ಎದ್ದು ನಿಂತರೆ ಮಾತ್ರ ಅದು ಬೇರೆಯೇ ದೋಣಿ. ಅದರ ತಳ ಸ್ವಲ್ಪ ಕಮಾನಿನ ಹಾಗೆ ಬಾಗಿದೆ. ಇಂಥ ತಳ ಮೊದಲು ಅಲ್ಲಾಡುತ್ತದೆ, ಒಂದಿಷ್ಟು ವಾಲಿದ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಲೆಯಲ್ಲಿ ಹೋಗುವವರಿಗೆ ಅದೇ ಬೇಕು. ಗಾಳದ ರಾಡ್ ಬೀಸುವವನಿಗೆ ಆ ಮೊದಲ ಅಲ್ಲಾಟವೇ ಶತ್ರು. ಕಣ್ಣು ನೀರಿನ ಮೇಲಿದ್ದರೂ ಮನಸ್ಸೆಲ್ಲ ಮೊಣಕಾಲಿನಲ್ಲೇ ಇರುತ್ತದೆ.

ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ದೋಣಿ ವಾಲಲು ಶುರುವಾದಾಗ ಅದನ್ನು ತಡೆಯುವ ಬಲ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದಕ್ಕಾದರೆ ನೇರ ಲೆಕ್ಕ ಅಷ್ಟೇ. 80 ಸೆಂಟಿಮೀಟರ್ ಅಗಲವನ್ನು 90 ಮಾಡಿದರೆ ಈ ತಡೆ ಶೇಕಡಾ 40ರಷ್ಟು ಜಾಸ್ತಿಯಾಗುತ್ತದೆ. ಉದ್ದವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಿದರೆ ಸಿಗುವುದು ಬರೀ 12, 13. ಉದ್ದದ ದೋಣಿಯೇ ಭದ್ರ ಅಂತ ನಂಬಿ ಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು. ಇನ್ನೊಂದು, ಕಂಪನಿಗಳು ಬರೆಯುವ ಅಗಲ ಹೆಚ್ಚಾಗಿ ದೋಣಿಯ ಅತಿ ಅಗಲವಾದ ಜಾಗದ್ದು. ನಮಗೆ ಬೇಕಾದ್ದು ನೀರು ಮುಟ್ಟುವ ಮಟ್ಟದ ಅಗಲ. ಮೇಲೆ ಅರಳಿ ಕೆಳಗೆ ಕಿರಿದಾದ ದೋಣಿ ಕಾಗದದ ಮೇಲೆ ಅಗಲವಾಗಿಯೇ ಕಾಣುತ್ತದೆ, ನಿಂತಾಗ ಬಣ್ಣ ಬಯಲಾಗುತ್ತದೆ.

ಸರಿ, ಕೆವ್ಲಾರ್ ದೋಣಿಗೆ ಔಟ್‌ರಿಗರ್ ಕಟ್ಟಿದರೆ ಎರಡೂ ಸಿಕ್ಕಿತಲ್ಲ? ಹಗುರವೂ ಹೌದು, ಭದ್ರವೂ ಹೌದು. ಸಲಹೆ ಕೊಟ್ಟವರೆಲ್ಲ ಹೇಳಿದ್ದು ಇದನ್ನೇ. ನಿಲ್ಲುವ ಮಟ್ಟಿಗೆ ಅದು ನಿಜವೂ ಹೌದು. ಸೀಟಿನ ಹಿಂದೆ ಅಡ್ಡ ಕೊಳವೆ, ಎರಡು ತುದಿಗೂ ಒಂದೊಂದು ತೇಲುಬುರುಡೆ. ದೋಣಿ ಮಗುಚುವ ಭಯ ಹೋಯಿತು. ಆದರೆ ಬೇರೆ ತಲೆನೋವು ಶುರುವಾಯಿತು, ಲೈನ್, ಅಂದರೆ ಗಾಳದ ದಾರ.

ಗಾಳಕ್ಕೆ ಬಿದ್ದ ಮೀನು ನಮಗೆ ಅನುಕೂಲವಾದ ದಿಕ್ಕಿಗೆ ಓಡುವುದಿಲ್ಲ. ದೋಣಿಯ ಹತ್ತಿರ ಬಂದ ಕೂಡಲೇ ಅದು ಹಿಂದಕ್ಕೆ ನುಗ್ಗುತ್ತದೆ. ಬರೀ ದೋಣಿಯಾದರೆ ರಾಡನ್ನು ತುದಿಯ ಸುತ್ತ ತಿರುಗಿಸಿ ಆಚೆ ಬದಿಗೆ ತರಬಹುದು. ಔಟ್‌ರಿಗರ್ ಇದ್ದರೆ ನಡುವೆ ಒಂದು ಕೊಳವೆ ನಿಂತಿದೆ. ಲೈನ್ ಅದರ ಕೆಳಗೆ ಹೋದರೆ ರಾಡಿನ ತುದಿಯನ್ನು ನೀರಿಗೆ ಮುಳುಗಿಸಿ ಬುರುಡೆಯ ಆಚೆಯಿಂದ ಸುತ್ತಿಸಿ ತರಬೇಕು. ಅಷ್ಟು ದೂರ ಬಗ್ಗಿದರೆ ಭಾರವೆಲ್ಲ ಒಂದೇ ಬದಿಗೆ. ಬುರುಡೆ ಹಿಡಿದುಕೊಳ್ಳುತ್ತದೆ, ನಿಜ. ಅಷ್ಟರಲ್ಲಿ ಲೈನ್ ಸಡಿಲವಾಗಿ ಮೀನು ಹೋಗಿರುತ್ತದೆ. ಮೂರು ಮುಳ್ಳಿನ ಕೊಕ್ಕೆಯ ಲ್ಯೂರ್ ಆದರೆ ಕೊಳವೆಯ ಕೀಲಿಗೇ ಸಿಕ್ಕಿಕೊಳ್ಳುವುದೂ ಉಂಟು. ಅದು ಇರುವುದು ಬೆನ್ನ ಹಿಂದೆ, ಕೈ ಎಟುಕುವುದಕ್ಕೂ ಸ್ವಲ್ಪ ಆಚೆ. ಬಿಡಿಸಲು ನಿಂತವನು ಕೂರಬೇಕು, ತಿರುಗಬೇಕು, ಮಂಡಿಯೂರಿ ಹಿಂದೆ ಸರಿಯಬೇಕು. ಭದ್ರವಾಗಿ ನಿಲ್ಲಲೆಂದು ತಂದ ಸಾಮಾನಿನಿಂದ ನಾನು ಕೂರುವುದು ಏಳುವುದೇ ಜಾಸ್ತಿಯಾಯಿತು.

ಕೊಳವೆಯನ್ನು ಮುಂದಕ್ಕೆ ತಂದರೆ ಹುಟ್ಟಿಗೆ ಅಡ್ಡ. ಬುರುಡೆಗಳನ್ನು ನೀರಿಗೆ ಮುಟ್ಟಿಸಿಟ್ಟರೆ ದೋಣಿ ನಿಧಾನ, ಜೊಂಡೂ ಕಳೆಯೂ ಸುತ್ತಿಕೊಳ್ಳುತ್ತವೆ. ಸ್ವಲ್ಪ ಎತ್ತರಿಸಿಟ್ಟರೆ ದೋಣಿ ಅಷ್ಟು ವಾಲಿ ಆಮೇಲೆ ‘ಟಪ್’ ಎಂದು ನಿಲ್ಲುತ್ತದೆ. ಆ ಸದ್ದು ನನಗಿಂತ ಮೊದಲು ಮೀನಿಗೆ ಕೇಳುತ್ತದೆ. ಪ್ರತಿ ಸಲ ಬಿಚ್ಚಿ ಕಟ್ಟುವ ಕೆಲಸ ಬೇರೆ. ಹಗುರ ದೋಣಿಗೆ ಅಂತ ದುಡ್ಡು ಸುರಿದು, ಅದರ ಮೇಲೆ ಕಿಲೋಗಟ್ಟಲೆ ಕಬ್ಬಿಣ ಪ್ಲಾಸ್ಟಿಕ್ ಹೇರುವುದು ನನಗಂತೂ ಒಗ್ಗಲಿಲ್ಲ.

ಸಿಟ್-ಆನ್-ಟಾಪ್ ಕಯಾಕ್‌ನಲ್ಲಿ ನಿಲ್ಲುವುದು ಅಂಗಳದಲ್ಲಿ ನಿಂತ ಹಾಗೆ. ಸ್ಥಿರತೆಯೊಂದನ್ನೇ ನೋಡಿದರೆ ಅದಕ್ಕೇ ಮೊದಲ ಸ್ಥಾನ. ಒಳಗೆ ಬಂದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ, ರಾಡ್ ಸಿಕ್ಕಿಸಲು ಜಾಗವಿದೆ, ಸೀಟು ಚೆನ್ನಾಗಿದೆ. ತೂಕ 40 ಕಿಲೋಗಿಂತ ಮೇಲೆ. ಒಬ್ಬನೇ ಕಾರಿನ ಮೇಲೆ ಹತ್ತಿಸುವ ನನಗೆ ಇಷ್ಟು ಸಾಕು, ಮುಂದಿನ ಮಾತೇ ಬೇಡ. ಚಕ್ರದ ಗಾಡಿ ಸಿಗುತ್ತದೆ ಅನ್ನುತ್ತಾರೆ. ಕೆಸರಿನ ದಡದಲ್ಲಿ ಅದನ್ನು ಎಳೆದು ನೋಡಿ, ಆಮೇಲೆ ಮಾತಾಡೋಣ.

ಇನ್ನು ನನ್ನದು. 90 ಸೆಂಟಿಮೀಟರ್ ಅಗಲ, ಚಪ್ಪಟೆ ತಳ, ತೂಕ ಕೆವ್ಲಾರ್ ದೋಣಿಯಷ್ಟೇ. ಕೆವ್ಲಾರ್ ಅಲ್ಲದಿದ್ದರೂ ಇಷ್ಟು ಹಗುರವಾಗಿರುವುದು ಉದ್ದ ಕಡಿಮೆ ಇರುವುದರಿಂದ. ಬೆಲೆಯೂ ಕೆವ್ಲಾರ್‌ಗಿಂತ ಎಷ್ಟೋ ಕಡಿಮೆ. ನಡುವೆ ಅಡ್ಡಪಟ್ಟಿ ಇಲ್ಲದ್ದರಿಂದ ಎರಡು ಕಾಲನ್ನೂ ಭುಜದಗಲಕ್ಕೆ ಇಟ್ಟು ನಿಲ್ಲಬಹುದು. ಸೀಟು ಸ್ವಲ್ಪ ಎತ್ತರದಲ್ಲಿದೆ. ಸೀಟು ತಗ್ಗಿದ್ದಷ್ಟೂ ಕೂತಾಗ ಭದ್ರ ಅನ್ನುವುದು ಸರಿಯೇ. ಆದರೆ ನಿಂತಾಗಿನದಕ್ಕಿಂತ ಜಾಸ್ತಿ ಅಲ್ಲಾಟ ಏಳುವಾಗ ಆಗುತ್ತದೆ, ತಗ್ಗಿನ ಸೀಟಿನಿಂದ ಏಳುವುದೇ ಕಷ್ಟ. ನಾನು ಹುಟ್ಟನ್ನು ಎರಡು ಅಂಚಿನ ಮೇಲೆ ಅಡ್ಡವಿಟ್ಟು, ಅದನ್ನು ಒತ್ತಿಕೊಂಡು ನೇರ ಮೇಲಕ್ಕೆ ಏಳುತ್ತೇನೆ.

ಕುಂದು ಇಲ್ಲ ಅಂತಲ್ಲ. ನಿಧಾನ. ನೇರ ಓಡಿಸಲು ಗಮನ ಬೇಕು. ಚಪ್ಪಟೆ ತಳ ಅಲೆಯ ಇಳಿಜಾರಿಗೆ ತಕ್ಕಂತೆ ತಾನೂ ವಾಲುತ್ತದೆ, ಹಾಗಾಗಿ ಅಲೆ ಎದ್ದರೆ ಕೂತುಬಿಡುತ್ತೇನೆ. ಗಾಳಿಗೆ ಬೇಗ ತಿರುಗುತ್ತದೆ, ನಿಂತವನೇ ಹಾಯಿ ಆಗಿಬಿಡುತ್ತಾನೆ. ಅದಕ್ಕೆ ಸಣ್ಣ ಲಂಗರು ಇಟ್ಟುಕೊಂಡಿದ್ದೇನೆ. ಹರಿಯುವ ನೀರಿನಲ್ಲಿ ಅದನ್ನು ದೋಣಿಯ ಪಕ್ಕಕ್ಕೆ ಕಟ್ಟಲೇಬಾರದು. ಹರಿವಿಗೆ ದೋಣಿ ಅಡ್ಡ ನಿಂತು ಮಗುಚಬಹುದು. ತುದಿಗೇ ಕಟ್ಟಬೇಕು.

ಅಲ್ಯೂಮಿನಿಯಂ ದೋಣಿಯೂ ಗಟ್ಟಿಯೇ. ವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿ 1940ರ ದಶಕದಲ್ಲಿ ಮಾಡಿದ ದೋಣಿಗಳಲ್ಲಿ ಕೆಲವು ಇನ್ನೂ ತೇಲುತ್ತಿವೆ. ಆದರೆ ಒಳಗೆ ಡಬ್ಬಿ ಬಿದ್ದರೆ ಆ ಸದ್ದಿಗೆ ಮೀನೆಲ್ಲ ಓಡುತ್ತದೆ. ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ರಾಯಲೆಕ್ಸ್ ಎಂಬ ಪದರ ಪದರದ ಪ್ಲಾಸ್ಟಿಕ್ ಹಾಳೆಯ ದೋಣಿ ಸಿಕ್ಕರೆ ನೋಡಬಹುದು. ಆ ಹಾಳೆಯ ತಯಾರಿಕೆ 2014ರ ಹೊತ್ತಿಗೆ ನಿಂತಿದೆ, ಹಾಗಾಗಿ ಅಂಚು ಬಿರುಕು ಬಿಟ್ಟಿದೆಯಾ, ತಳ ಸವೆದಿದೆಯಾ ಚೆನ್ನಾಗಿ ನೋಡಿ ಕೊಳ್ಳಿ.

ದೂರ ಹುಟ್ಟು ಹಾಕಿ, ದಾರಿಯಲ್ಲಿ ಆಗೀಗ ಗಾಳ ಹಾಕುವವರಾದರೆ ಕೆವ್ಲಾರ್ ಸರಿ. ಟ್ರೇಲರ್ ಇದ್ದು ದಡದವರೆಗೆ ರಸ್ತೆ ಇದ್ದರೆ ಕಯಾಕ್ ತೆಗೆದುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ನನ್ನ ಹಾಗೆ ಒಬ್ಬರೇ ಹೋಗಿ, ನಿಂತ ನೀರಿನಲ್ಲಿ ದಡದ ಹತ್ತಿರವೇ ಸುತ್ತುವವರಾದರೆ ಗಿಡ್ಡ, ಅಗಲ ದೋಣಿ. ಕೊಳ್ಳುವ ಮೊದಲು ಸೊಂಟದ ಆಳದ ನೀರಿನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಅದರಲ್ಲಿ ನಿಲ್ಲಿ. ರಾಡ್ ಬೀಸುವ ಹಾಗೆ ಕೈ ಬೀಸಿ, ಭುಜದ ಮೇಲಿಂದ ಹಿಂದೆ ತಿರುಗಿ ನೋಡಿ. ಹಿಂದೆ ತಿರುಗುವಾಗ ಕೈ ತಾನಾಗಿ ದೋಣಿಯ ಅಂಚನ್ನು ಹುಡುಕಿದರೆ ಆ ದೋಣಿ ಬೇಡ.