ಎಂಬಾಪೆಯ ಬೂಟು, ನಮ್ಮ ಚರಲು ಮಣ್ಣು

ನೈಕಿಯ ಮರ್ಕ್ಯುರಿಯಲ್ ವೇಪರ್ 16 ಅಕಾಡೆಮಿ ಎಫ್‌ಜಿ/ಎಂಜಿ (ಫರ್ಮ್ ಗ್ರೌಂಡ್/ಮಲ್ಟಿ ಗ್ರೌಂಡ್, ಅಂದರೆ ಗಟ್ಟಿ ನೆಲ/ಹಲವು ಬಗೆಯ ನೆಲದ ಮಾದರಿ) ಮಂಗಳೂರಿನ ಮಳೆಗಾಲದ ಮೈದಾನಕ್ಕೆ ಹೇಳಿ ಮಾಡಿಸಿದ ಬೂಟು. ಅದೇ ಬೂಟು ಹಾಕಿಕೊಂಡು ರಾತ್ರಿ ಕೃತಕ ಹುಲ್ಲಿನ ಟರ್ಫಿನಲ್ಲಿ ಫೈವ್ಸ್ (ಐವರ ಫುಟ್‌ಬಾಲ್) ಆಡಿದರೆ ಮೊಣಕಾಲಿಗೆ ಅಪಾಯ. ಕೊಳ್ಳುವ ಹೊತ್ತಿಗೆ ಈ ಎರಡನೆಯ ಮಾತು ಯಾರಿಗೂ ನೆನಪಾಗುವುದಿಲ್ಲ, ಏಕೆಂದರೆ ಕಣ್ಣು ಮರ್ಕ್ಯುರಿಯಲ್ ಬೂಟಿಗೆ ಹೆಸರಾದ ಫ್ರಾನ್ಸಿನ ಫುಟ್‌ಬಾಲ್ ತಾರೆ ಕಿಲಿಯನ್ ಎಂಬಾಪೆಯ ಮೇಲಿರುತ್ತದೆ.

ಅದರಲ್ಲಿ ಹುಡುಗರ ತಪ್ಪೇನಿಲ್ಲ. ಪ್ಯಾರಿಸ್ಸಿನ ಹೊರವಲಯದ ಬೋಂಡಿಯಲ್ಲಿ, ಕ್ಯಾಮರೂನ್ ಮೂಲದ ತಂದೆ ಮತ್ತು ಅಲ್ಜೀರಿಯಾ ಮೂಲದ ತಾಯಿಯ ಮನೆಯಲ್ಲಿ ಬೆಳೆದ ಹುಡುಗ ಅವನು. ತಂದೆ ಎಎಸ್ ಬೋಂಡಿ ಕ್ಲಬ್ಬಿನ ಕೋಚ್ ಆಗಿದ್ದರು, ತಾಯಿ ಹ್ಯಾಂಡ್‌ಬಾಲ್ ಆಟಗಾರ್ತಿಯಾಗಿದ್ದರು. 2015ರ ಡಿಸೆಂಬರಿನಲ್ಲಿ, 17 ತುಂಬುವ ಮೊದಲೇ ಮೊನಾಕೊದ ಮುಖ್ಯ ತಂಡಕ್ಕೆ ಇಳಿದ. ಪ್ಯಾರಿಸ್ಸಿನ ಕ್ಲಬ್ ಪಿಎಸ್‌ಜಿಗೆ 256 ಗೋಲು ಹೊಡೆದು 2024ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ ಮೇಲೆ, ಮೊದಲ ಸೀಸನ್ನಿನಲ್ಲೇ ಲೀಗಿನಲ್ಲಿ 31 ಗೋಲು. ಆದರೆ ಬೂಟನ್ನು ಅರ್ಥಮಾಡಿಕೊಳ್ಳಲು ಈ ಲೆಕ್ಕಕ್ಕಿಂತ ಒಂದು ಓಟ ಸಾಕು. 2018ರ ಜೂನ್ 30, ಕಜಾನ್, ವಿಶ್ವಕಪ್ಪಿನಲ್ಲಿ ಎದುರಾಳಿ ಅರ್ಜೆಂಟೀನಾ. ತನ್ನ ಅರ್ಧದಲ್ಲಿ ಚೆಂಡು ಹಿಡಿದವನು ಅದನ್ನು ಉದ್ದಕ್ಕೆ ತಳ್ಳಿ ಹಿಂದೆಯೇ ನುಗ್ಗುತ್ತಾನೆ. ಕೊನೆಗೆ ಪೆನಾಲ್ಟಿ ಬಾಕ್ಸಿನೊಳಗೆ ಅರ್ಜೆಂಟೀನಾದ ಡಿಫೆಂಡರ್ ರೊಹೊ ಅವನನ್ನು ಕೆಡವಬೇಕಾಗುತ್ತದೆ. ಅಲ್ಲಿ ಪಾದಗಳನ್ನೇ ನೋಡಿ. ಹಿಮ್ಮಡಿ ನೆಲ ಮುಟ್ಟುವುದೇ ಅಪರೂಪ, ಎಲ್ಲ ಒತ್ತಡವೂ ಮುಂಗಾಲಿನ ಸ್ಟಡ್‌ಗಳ (ಬೂಟಿನ ಅಡಿಯ ಮೊನೆಗಳ) ಮೇಲೆ.

ಮರ್ಕ್ಯುರಿಯಲ್ ಇರುವುದೇ ಅಂಥ ಓಟಕ್ಕೆ. 1998ರಲ್ಲಿ ಬ್ರೆಜಿಲ್‌ನ ರೊನಾಲ್ಡೊಗಾಗಿ ಈ ಸರಣಿ ಬಂತು. ಎಂಬಾಪೆ ಹುಟ್ಟಿದ್ದೂ ಅದೇ ವರ್ಷ. ವೃತ್ತಿಪರರ ಎಲೀಟ್ ದರ್ಜೆಯ ಬೆಲೆ ಇಪ್ಪತ್ತು ಸಾವಿರ ದಾಟುತ್ತದೆ, ಅಕಾಡೆಮಿ ಏಳೆಂಟು ಸಾವಿರದ ಆಸುಪಾಸು. ಎಲೀಟ್‌ನಲ್ಲಿ ಗಾಳಿಯ ಕುಶನ್ ಪಾದದ ಮುಕ್ಕಾಲು ಉದ್ದಕ್ಕಿದೆ, ಅಕಾಡೆಮಿಯಲ್ಲಿ ಹಿಮ್ಮಡಿಗೆ ಮಾತ್ರ. ಅಂದರೆ ಮುಂಗಾಲಿನಲ್ಲಿ ಚಿಮ್ಮುವ ಫಾರ್ವರ್ಡ್‌ಗೆ ಅದರಿಂದ ವೇಗವೇನೂ ಸಿಗದು. ಹೆಡ್ ಮಾಡಿ ಕೆಳಗಿಳಿಯುವಾಗ, ಹಿಂದಕ್ಕೆ ಓಡುವಾಗ ಹಿಮ್ಮಡಿ ಉಳಿಯುತ್ತದೆ ಅಷ್ಟೇ. ಅದಕ್ಕಿಂತ ಕೆಳಗಿನ ಕ್ಲಬ್ ದರ್ಜೆಯಲ್ಲಿ ಅದೂ ಇಲ್ಲ. ಜಿಲ್ಲಾ ಮಟ್ಟದ ಆಟಕ್ಕೆ ಅಕಾಡೆಮಿ ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ನೆಲದ ವಿಷಯ. ಬೂಟು ಉಳಿಯುವುದೂ ಕೆಡುವುದೂ ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಹರೂ ಮೈದಾನದಂಥ ಮಣ್ಣಿನ ಅಂಗಳ ಮೇಲ್ಪದರದಲ್ಲಿ ಮೆತ್ತಗಾಗುತ್ತದೆ, ಸ್ಟಡ್ ಚೆನ್ನಾಗಿ ಕಚ್ಚುತ್ತದೆ. ವಿಂಗಿನಿಂದ ಒಳಗೆ ತಿರುಗುವಾಗ ಜಾರುವ ಭಯವಿಲ್ಲ. ತೊಂದರೆ ಬರುವುದು ಅರ್ಧಗಂಟೆಯ ಬಳಿಕ. ಕೆಂಪು ಮಣ್ಣು ಸ್ಟಡ್‌ಗಳ ನಡುವೆ ತುಂಬಿ ಅಡಿ ಸಪಾಟಾದರೆ ದುಬಾರಿ ಬೂಟೂ ಚಪ್ಪಲಿಗೆ ಸಮ. ಆಟಕ್ಕೆ ಮೊದಲು ಅಡಿಭಾಗಕ್ಕೆ ಮಾತ್ರ ನಾಲ್ಕೈದು ಹನಿ ತೆಂಗಿನೆಣ್ಣೆ ಸವರಿದರೆ ಮಣ್ಣು ಸುಲಭಕ್ಕೆ ಅಂಟುವುದಿಲ್ಲ. ಅಂಚಿನ ಅಂಟಿಗೆ ಎಣ್ಣೆ ತಾಗಬಾರದು. ವಿರಾಮದಲ್ಲಿ ಐಸ್‌ಕ್ರೀಮ್ ಕಡ್ಡಿಯಿಂದ ಕೆರೆದು ತೆಗೆಯಿರಿ. ಕಾಂಕ್ರೀಟಿಗೆ ಬಡಿಯುವ ಅಭ್ಯಾಸದಿಂದ ಸ್ಟಡ್‌ನ ಅಂಚು ಮೊಂಡಾಗುತ್ತದೆ.

ಡಿಸೆಂಬರ್ ದಾಟಿದರೆ ಅದೇ ಚರಲು (ಸಣ್ಣ ಕಲ್ಲು ಬೆರೆತ) ಮಣ್ಣು ಕಲ್ಲಾಗುತ್ತದೆ. ಸ್ಟಡ್ ಒಳಗೆ ಇಳಿಯದೆ ಇಡೀ ಮೈಭಾರ ಕೆಲವೇ ತುದಿಗಳ ಮೇಲೆ ನಿಲ್ಲುತ್ತದೆ. ಹೆಬ್ಬೆರಳಿನ ಬುಡದಲ್ಲಿ ಉರಿ, ನೋವು ಶುರುವಾದರೆ ಕಾರಣ ಸೈಜೇ ಆಗಬೇಕಿಲ್ಲ, ಇದೂ ಇರಬಹುದು. ಮುರಕಲ್ಲಿನ (ಕೆಂಪು ಕಲ್ಲಿನ) ಪುಡಿ ಬೂಟಿನ ಮೂತಿಯನ್ನೂ ಮರಳುಕಾಗದದಂತೆ ಉಜ್ಜುತ್ತದೆ. ಬೇಸಗೆಗೆ ಇದೇ ವೇಪರ್‌ನ ಟಿಎಫ್ (ಟರ್ಫ್) ಮಾದರಿ ಕೊಳ್ಳುವುದು ಸರಿ, ಅದರ ಅಡಿಯಲ್ಲಿ ಚಿಕ್ಕ ಚಿಕ್ಕ ರಬ್ಬರ್ ಗುಬಟುಗಳಿವೆ. ಟರ್ಫಿಗೂ ಅದೇ. ಕೃತಕ ಹುಲ್ಲು ಮತ್ತು ರಬ್ಬರ್ ಕಾಳಿನ ನಡುವೆ ಎಫ್‌ಜಿ ಸ್ಟಡ್ ಸಿಕ್ಕಿಕೊಂಡರೆ ಪಾದ ಅಲ್ಲೇ ನಿಲ್ಲುತ್ತದೆ, ಮೈ ತಿರುಗುತ್ತದೆ, ಮೊಣಕಾಲಿನ ಅಸ್ಥಿರಜ್ಜು ಹರಿಯಬಹುದು. ಎಂಬಾಪೆಯ ಹಾಗೆ ಎಡಗಡೆಯಿಂದ ಒಳಕ್ಕೆ ಕತ್ತರಿಸುವ ಹುಡುಗರಿಗೆ ಈ ಅಪಾಯ ಹೆಚ್ಚು. ಎಫ್‌ಜಿ ಜೊತೆಗೆ ಎಂಜಿ ಅಂತ ಬರೆದಿದೆ, ಹಾಗಾಗಿ ಎಲ್ಲ ಕಡೆ ನಡೆಯುತ್ತದೆ ಎಂದು ವಾದಿಸುವವರಿದ್ದಾರೆ. ವಾರಕ್ಕೆ ಮೂರು ದಿನ ಟರ್ಫಿನಲ್ಲೇ ಆಡುವವರು ದಯವಿಟ್ಟು ಆ ಮಾತು ಕೇಳಬೇಡಿ. ಬೆಂಗರೆ ಕಡಲತೀರದ ಹೊಯಿಗೆಗಂತೂ (ಮರಳಿಗಂತೂ) ಬರಿಗಾಲೇ ಒಳ್ಳೆಯದು.

ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಮರ್ಕ್ಯುರಿಯಲ್ ಮುಂಭಾಗದಲ್ಲಿ ಕಿರಿದು. ಬರಿಗಾಲು, ಹವಾಯಿ ಚಪ್ಪಲಿಯಲ್ಲಿ ಬೆಳೆದ ನಮ್ಮ ಕರಾವಳಿಯ ಪಾದ ಮುಂದಕ್ಕೆ ಅಗಲ. ಯುಕೆ ನಂಬರ್ ನಂಬಬೇಡಿ, ನಾಲಗೆಯ ಒಳಗಿನ ಚೀಟಿಯಲ್ಲಿ ಸೆಂಟಿಮೀಟರ್ ನೋಡಿ. ನೈಕಿಯ ಯುಕೆ 8 ಎಂದರೆ 27 ಸೆಂ.ಮೀ., ಅಡಿಡಾಸ್‌ನ ಯುಕೆ 8 ಎಂದರೆ 26.5. ಸಂಜೆ ಹೊತ್ತು, ಆಡುವಾಗಿನ ಕಾಲುಚೀಲ ಹಾಕಿ ನಿಂತು ನೋಡಬೇಕು. ಹೆಬ್ಬೆರಳ ಮುಂದೆ ಅರ್ಧ ಸೆಂಟಿಮೀಟರ್ ಜಾಗ ಇರಲಿ. ಕಿರುಬೆರಳ ಪಕ್ಕ ಒತ್ತುತ್ತಿದ್ದರೆ ಅರ್ಧ ಸೈಜು ಮೇಲೆ ಹೋಗಿ. ಅಷ್ಟಕ್ಕೇ ಹಿಮ್ಮಡಿ ಎದ್ದು ಬರುತ್ತಿದ್ದರೆ ಈ ಬೂಟು ನಿಮ್ಮ ಪಾದಕ್ಕಲ್ಲ, ಬೇರೆ ಸರಣಿ ನೋಡಿ.

ಮಳೆಯಲ್ಲಿ ಆಡಿದ ಬೂಟನ್ನು ಬ್ಯಾಗಿನಲ್ಲೇ ಬಿಟ್ಟರೆ ಎರಡು ದಿನದಲ್ಲಿ ಬೂಷ್ಟು. ನಲ್ಲಿಯ ತಣ್ಣೀರಿನಲ್ಲಿ ಮಣ್ಣು ತೊಳೆದು, ಒಳಗಿನ ಪದರ ಹೊರತೆಗೆದು, ಹಳೆ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ. ಒಂದು ಗಂಟೆಯ ಬಳಿಕ ಪೇಪರ್ ಬದಲಿಸಿ. ಆಟಿ ತಿಂಗಳ (ಜುಲೈ-ಆಗಸ್ಟ್) ತೇವದಲ್ಲಿ ಪೂರ್ತಿ ಒಣಗಲು ಒಂದೂವರೆ ದಿನ ಬೇಕು. ಅವಸರಕ್ಕೆ ಫ್ರಿಜ್ಜಿನ ಹಿಂದೆ, ಒಲೆಯ ಹತ್ತಿರ ಇಟ್ಟರೆ ಬಿಸಿಗೆ ಅಂಟು ಸಡಿಲವಾಗಿ ಅಡಿ ಬಾಯಿ ಬಿಡುತ್ತದೆ. ಬೆರಳು ಮಡಚುವ ಗೆರೆಯಲ್ಲಿ ಮೊದಲು ಬಿಳಿ ಕಲೆ, ಆಮೇಲೆ ಬಿರುಕು. ಬಿಳಿ ಕಲೆ ಕಂಡಾಗಲೇ ಒಣಗಿಸುವ ಕ್ರಮ ತಿದ್ದಿಕೊಂಡರೆ ಇನ್ನೊಂದು ಮಳೆಗಾಲ ಬಂದೀತು.

ಎಂಬಾಪೆ ಹೆಸರಿನ ಅಕಾಡೆಮಿ ಆವೃತ್ತಿಗೆ ಹೆಚ್ಚಿನ ದುಡ್ಡು ಕೇಳಿದರೆ ಕೊಡುವ ಅಗತ್ಯವಿಲ್ಲ. ಬಣ್ಣ, ಗುರುತು ಬೇರೆ, ಅಡಿ ಅದೇ. ‘ಫಸ್ಟ್ ಕಾಪಿ’ ಎಂದು ಎರಡು ಸಾವಿರಕ್ಕೆ ಸಿಗುವುದರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಅಡಿ ಮಡಚಬೇಕಾದಲ್ಲಿ ಮಡಚದೆ ಪಾದದ ನಡುವೆ ಮಡಚುತ್ತದೆ. ಚೀಟಿಯಲ್ಲಿ ಎರಡು ಅಕ್ಷರ, ನಾಲ್ಕು ಅಂಕಿ, ಅಡ್ಡಗೆರೆ, ಮತ್ತೆ ಮೂರು ಅಂಕಿಯ ಕೋಡ್ ಇರುತ್ತದೆ. ಅದು ಪೆಟ್ಟಿಗೆಯ ಕೋಡಿಗೆ ತಾಳೆಯಾಗದಿದ್ದರೆ ಮುಟ್ಟಬೇಡಿ.

ಬೆಳೆಯುವ ಮಕ್ಕಳಿಗೆ ಎರಡು ಸೈಜು ದೊಡ್ಡದು ತರಬೇಡಿ, ಮೊದಲ ಆಟದಲ್ಲೇ ಹಿಮ್ಮಡಿ ಬೊಕ್ಕೆ ಏಳುತ್ತದೆ. ಆಗಸ್ಟಿನ ಟೂರ್ನಿಗೆ ಜುಲೈ ಮೊದಲ ವಾರ ಕೊಂಡು, ದಿನಕ್ಕೆ 20 ನಿಮಿಷದಂತೆ ಐದಾರು ದಿನ ಮನೆಯ ಅಂಗಳದ ಮೆತ್ತನೆ ಮಣ್ಣಿನಲ್ಲಿ ಹಾಕಿ ಓಡಾಡಲಿ.