ವಾಚು ನನ್ನದು, ಕಥೆ ಹೇಳಿದ್ದು ಅವರು

ಮನೆಯಿಂದ ಹಳೆಯದೊಂದು ವಸ್ತು ತಂದು ಅದರ ಕಥೆ ಹೇಳಬೇಕು. ಮೈಸೂರಿನಲ್ಲಿ ಕಳೆದ ಭಾನುವಾರ ನಡೆದ ಮೂರು ಗಂಟೆಯ ಕಾರ್ಯಾಗಾರವೊಂದರ ಷರತ್ತು ಇದು. ಶುಲ್ಕ 400 ರೂಪಾಯಿ, ಕಾಫಿ ಸೇರಿ. ಮಗಳ ಒತ್ತಾಯಕ್ಕೆ ಹೋದೆ. ಕರಪತ್ರದಲ್ಲಿ ‘ಅನುಭೂತಿ’ ನಾಲ್ಕು ಸಲ ಬಂದದ್ದು ನೋಡಿಯೇ ನನಗೆ ಅನುಮಾನವಿತ್ತು.

ನಾನು ಒಯ್ದದ್ದು ಅಪ್ಪನ ಎಚ್‌ಎಂಟಿ ಜನತಾ ವಾಚು. ಅದನ್ನು ಮೇಜಿನ ಮೇಲಿಟ್ಟ ಕೂಡಲೇ ಒಬ್ಬ ಹಿರಿಯರು ಎತ್ತಿ ಕಿವಿಗೆ ಹಿಡಿದರು. ತುಮಕೂರಿನ ವಾಚು ಕಾರ್ಖಾನೆಯಲ್ಲಿ ದುಡಿದವರಂತೆ. ‘ಎಣ್ಣೆ ಹಾಕಿಸಿ’ ಎಂದಷ್ಟೇ ಹೇಳಿ ಕೆಳಗಿಟ್ಟರು.

ಆಮೇಲೆ ಜೋಡಿ ಮಾಡಿದರು. ನಿಮ್ಮ ಕಥೆಯನ್ನು ಜೊತೆಗಾರರಿಗೆ ಹೇಳಬೇಕು. ಅವರು ಎಲ್ಲರೆದುರು ಅದನ್ನು ‘ನಾನು’ ಎಂದೇ ಹೇಳಬೇಕು. ಅಮೆರಿಕದ ನೆರೇಟಿವ್ ಫೋರ್ ಸಂಸ್ಥೆ ಶಾಲಾ ಮಕ್ಕಳಿಂದ ಮಾಡಿಸುವ ಕಥೆ ವಿನಿಮಯದ ಕ್ರಮವೇ ಇದು, ವಸ್ತುವೊಂದು ಹೆಚ್ಚಿಗೆ. ಅಪ್ಪ ಬೆಳಿಗ್ಗೆ ಆರಕ್ಕೆ ವಾಚಿಗೆ ಕೀಲಿ ಕೊಡುತ್ತಿದ್ದುದನ್ನು, ನಾವು ಮುಟ್ಟಿದರೆ ಕೈಗೆ ಹೊಡೆಯುತ್ತಿದ್ದುದನ್ನು ನಾನು ತಮಾಷೆಯಾಗಿ ಹೇಳಿದ್ದೆ. ಮೂವತ್ತು ವರ್ಷಗಳಿಂದ ನೆಂಟರ ಮುಂದೆ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ನನಗೆ ಜೋಡಿಯಾಗಿದ್ದ ರಾಯಚೂರಿನ ಹುಡುಗಿ ಎದ್ದು ನಿಂತು, ‘ಅಪ್ಪ ಇರುವಷ್ಟು ದಿನ ನನಗೆ ಒಂದು ಸಲವೂ ಕೀಲಿ ಕೊಡಲು ಬಿಡಲಿಲ್ಲ’ ಎಂದು ಶುರು ಮಾಡಿದರು. ಯಾರೂ ನಗಲಿಲ್ಲ. ನಾನೂ.

ಅವರದು ಸ್ಟೀಲಿನ ಬುತ್ತಿ ಡಬ್ಬಿ. ಡಬ್ಬಿಯ ಮೇಲೆ ತಾಯಿಯ ಹೆಸರು, ಮುಚ್ಚಳದ ಮೇಲೆ ಬೇರೆ ಯಾರದೋ ಹೆಸರು ಕೊರೆಸಿತ್ತು. ಯಾವುದೋ ಮದುವೆಮನೆಯಲ್ಲಿ ಅದಲುಬದಲಾದದ್ದು. ‘ನಮ್ಮ ಮುಚ್ಚಳ ಯಾರ ಮನೆಯಲ್ಲಿದೆಯೋ ಎಂದು ಅಮ್ಮ ಈಗಲೂ ಕೇಳುತ್ತಾಳೆ’ ಎಂದು ನಾನು ಹೇಳಬೇಕಿತ್ತು. ‘ಅಮ್ಮ’ ಎನ್ನುವಲ್ಲಿ ತಡವರಿಸಿದೆ; ಅವರೇ ಮಾತು ಎತ್ತಿಕೊಟ್ಟರು.

ಇಷ್ಟಕ್ಕೇ ಹಣ ಸಂದಿತು. ಉಳಿದದ್ದರಲ್ಲಿ ದೂರುಗಳಿವೆ. ಹದಿನಾಲ್ಕು ಜನವೆಂದರೆ ಹೆಚ್ಚಾಯಿತು; ಕೊನೆಯ ಜೋಡಿಗೆ ಐದು ನಿಮಿಷವೂ ಸಿಗಲಿಲ್ಲ. ಪ್ರತಿ ಕಥೆ ಮುಗಿದೊಡನೆ ನಡೆಸಿಕೊಡುವವರು ‘ಈಗ ಏನನ್ನಿಸಿತು?’ ಎಂದು ಮೈಕು ಚಾಚುತ್ತಿದ್ದರು. ಹೇಳುವಂತಿದ್ದರೆ ನಾವೇ ಹೇಳುತ್ತಿರಲಿಲ್ಲವೇ? ವಸ್ತು ತರದೆ ಮೊಬೈಲಿನಲ್ಲಿ ಚಿತ್ರ ತೋರಿಸಿದ ಇಬ್ಬರನ್ನು ಸೇರಿಸಿಕೊಂಡದ್ದೂ ಸರಿಯಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

ಹೋಗುವವರು ಚೀಲದಲ್ಲಿ ಹಿಡಿಸುವ ವಸ್ತುವನ್ನೇ ಒಯ್ಯಿರಿ. ಸಭಾಂಗಣ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಒಬ್ಬರು ಅಜ್ಜಿಯ ಬೀಸುಕಲ್ಲನ್ನು ಆಟೋದಲ್ಲಿ ತಂದಿದ್ದರು. ಹತ್ತಿಸಲು ನಾಲ್ವರು ಬೇಕಾದರು, ಇಳಿಸುವಾಗ ನನ್ನನ್ನೂ ಕರೆದರು.