ಸೀಟ್ ಕವರ್, ಮ್ಯಾಟ್: ಶೋರೂಮ್, ಆನ್‌ಲೈನ್, ಬಿ.ಎಂ. ರಸ್ತೆ ಅಂಗಡಿ, ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ. ಸೀಟ್ ಕವರ್ ಬೇಕಿದ್ದರೆ ನಮ್ಮ ಹಾಸನದ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲೇ ಹೊಲಿಸಿ. ಮ್ಯಾಟ್ ಮಾತ್ರ ಶೋರೂಮಿನದ್ದೇ ಇರಲಿ. ಆನ್‌ಲೈನ್‌ನಲ್ಲಿ ಮೊಬೈಲ್ ಹೋಲ್ಡರ್, ಸನ್‌ಶೇಡ್ ಇಂಥವು ತರಿಸಿದರೆ ಸಾಕು. ಹೊಸ ಕಾರು ತಗೊಂಡ ಮೇಲೆ ಮೂರೂ ಕಡೆ ದುಡ್ಡು ಕೊಟ್ಟು, ಮೂರೂ ಕಡೆ ಜಗಳ ಆಡಿ ಬಂದ ತೀರ್ಮಾನ ಇದು.

ಶೋರೂಮಿನವರು ಬುಕಿಂಗ್ ದಿನವೇ ಅಕ್ಸೆಸರೀಸ್ ಪುಸ್ತಕ ಮುಂದಿಟ್ಟರು. ಕಪ್ಪು ಬಣ್ಣದ ಕವರ್ ಆರಿಸಿ ದುಡ್ಡು ಕಟ್ಟಿದೆ. "ಕಾರ್ ಜೊತೆಗೇ ಬರುತ್ತೆ ಮೇಡಂ" ಅಂದರು. ಕಾರು ಬಂತು, ಕವರ್ ಬರಲಿಲ್ಲ. ಆಯುಧ ಪೂಜೆಗೆ ಗ್ಯಾರಂಟಿ ಅಂದರು. ಪೂಜೆ ಮುಗಿದು ಕುಂಬಳಕಾಯಿ ಒಡೆದದ್ದೂ ಆಯಿತು, ಸೀಟಿನ ಮೇಲೆ ಇನ್ನೂ ಕಂಪನಿ ಪ್ಲಾಸ್ಟಿಕ್ಕೇ. ಆಮೇಲೆ ಹಾಸನಾಂಬ ದರ್ಶನದ ಹೊತ್ತಿಗೆ ಅಂದರು. ಅಮ್ಮನ ಬಾಗಿಲು ತೆರೆದು, ಊರಿಗೆ ಊರೇ ಜಾತ್ರೆಯಾಗಿ, ಬಾಗಿಲು ಮುಚ್ಚಿದರೂ ಕವರ್ ಸುದ್ದಿ ಇಲ್ಲ. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಬೆಂಗಳೂರಿಂದ ಹೊರಟಿದೆ ಮೇಡಂ." ನಡೆದುಕೊಂಡು ಬಂದಿದ್ದರೂ ಅಷ್ಟೊತ್ತಿಗೆ ಚನ್ನರಾಯಪಟ್ಟಣ ದಾಟಬೇಕಿತ್ತು!

ಕೊನೆಗೂ ಬಂದದ್ದು ಬೀಜ್, ಅಂದರೆ ತಿಳಿ ಕಂದು ಬಣ್ಣ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಓಡಾಡುವವರಿಗೆ ಆ ಬಣ್ಣ ಎಷ್ಟು ದಿನ ಬಾಳುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ಹೋಗಲಿ ಅಂದರೆ ಅಳತೆಯೂ ಬೇರೆ. ಮುಂದಿನ ಎರಡು ಸೀಟಿಗೆ ಕೂತಿತು. ಹಿಂದಿನದ್ದು ಟಾಪ್ ಮಾಡೆಲ್‌ನದು. ಅದರಲ್ಲಿ ಸೀಟು ಎರಡು ಭಾಗವಾಗಿ ಮಡಚುತ್ತದೆ, ಹಾಗಾಗಿ ಕವರಿಗೂ ಒಂದು ಪಕ್ಕಕ್ಕೆ ಉದ್ದ ಜಿಪ್ ಇತ್ತು. ನನ್ನದು ಒಂದೇ ಹಲಗೆಯ ಸೀಟು. ಅದರಲ್ಲಿ ಮೇಲಕ್ಕೆತ್ತುವ ಹೆಡ್‌ರೆಸ್ಟ್, ನನ್ನದರಲ್ಲಿ ಸೀಟಿಗೇ ಅಂಟಿಕೊಂಡದ್ದು. ಫಿಟ್ಟಿಂಗ್ ಹುಡುಗ ಮೊಣಕಾಲು ಒತ್ತಿ ಎಳೆದೂ ಎಳೆದೂ ಹೇಗೋ ಕೂರಿಸಿದ. ಹೆಡ್‌ರೆಸ್ಟ್‌ಗೆಂದು ಕವರಿನಲ್ಲಿ ಬಿಟ್ಟಿದ್ದ ತೂತುಗಳು ಬೆನ್ನಿನ ನಡುವೆ ಬಾಯಿ ಬಿಟ್ಟುಕೊಂಡು ನಿಂತವು. ಸೀಟ್ ಬೆಲ್ಟಿನ ಬಕಲ್ ಮೂರೂ ಕವರಿನ ಅಡಿಗೆ ಹೋದವು. "ಹಿಂದೆ ಯಾರು ಬೆಲ್ಟ್ ಹಾಕ್ತಾರೆ ಮೇಡಂ" ಅಂದ. ನಮ್ಮ ಮನೆಯಲ್ಲಿ ಹಾಕುತ್ತೇವೆ ಮಾರಾಯ, ಬಿಚ್ಚು ಅಂದೆ.

ಯಾಕೆ ಹೀಗಾಗುತ್ತೆ ಅಂತ ಕೌಂಟರಿನಲ್ಲಿ ಕೂತು ಕೇಳಿದಾಗ ಗೊತ್ತಾಯಿತು. ಒಂದೇ ಹೆಸರಿನ ಕಾರಿಗೆ ನಾಲ್ಕೈದು ವೇರಿಯಂಟ್, ವೇರಿಯಂಟ್ ಬದಲಾದರೆ ಕವರಿನ ಪಾರ್ಟ್ ನಂಬರೂ ಬೇರೆ. ನನ್ನ ಆರ್ಡರ್ ಚೀಟಿಯಲ್ಲಿ ಅವರು ಬರೆದದ್ದು ಕಾರಿನ ಹೆಸರು, "ಸೀಟ್ ಕವರ್ 1 ಸೆಟ್", ಅಷ್ಟೇ. ಬಣ್ಣವೂ ಇಲ್ಲ! ಅಲ್ಲಿಂದ ಬೆಂಗಳೂರಿನವರು ಕೈಗೆ ಸಿಕ್ಕಿದ್ದು ಕಳಿಸಿದ್ದಾರೆ. ನೀವು ಶೋರೂಮಿನಲ್ಲೇ ತಗೊಳ್ಳೋದಾದರೆ ವೇರಿಯಂಟ್, ಬಣ್ಣ, ಪಾರ್ಟ್ ನಂಬರ್, ಕೊಡುವ ತಾರೀಖು ಎಲ್ಲ ಎದುರಿಗೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ದುಡ್ಡು ವಾಪಸ್ ಕೊಡಲ್ಲ, ಅಷ್ಟಕ್ಕೆ ಬೇರೆ ಐಟಂ ತಗೊಳ್ಳಿ ಅಂತ ವಾದ ಮಾಡಿದರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ, ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ, 5 ಲಕ್ಷದವರೆಗಿನ ಕೇಸಿಗೆ ಅಲ್ಲಿ ಫೀಸೂ ಇಲ್ಲ ಅಂತ ಮ್ಯಾನೇಜರಿಗೆ ಕಾಗದದಲ್ಲಿ ಬರೆದುಕೊಟ್ಟ ಮೇಲೆ ದುಡ್ಡು ಬಂತು.

ಆಮೇಲೆ ಆನ್‌ಲೈನ್‌ನಲ್ಲಿ ತರಿಸಿದ, ಎಲ್ಲ ಕಾರಿಗೂ ಆಗುತ್ತೆ ಅನ್ನುವ ಕವರ್ ಹೇಳಿದ ದಿನಕ್ಕೇ ಬಂತು, ಬೆಲೆಯೂ ಶೋರೂಮಿನ ಅರ್ಧಕ್ಕಿಂತ ಕಡಿಮೆ. ಅಲ್ಲಿಗೆ ಒಳ್ಳೆಯ ಮಾತು ಮುಗಿಯಿತು. ಎಲ್ಲ ಕಾರಿಗೂ ಆಗುತ್ತೆ ಅಂದರೆ ಯಾವ ಕಾರಿಗೂ ಸರಿಯಾಗಿ ಆಗಲ್ಲ ಅಂತಲೇ ಲೆಕ್ಕ. ಎಲಾಸ್ಟಿಕ್ ಜಾರಿ, ಕೂತು ಎದ್ದರೆ ಕವರ್ ನಮ್ಮ ಜೊತೆಗೇ ಏಳುತ್ತಿತ್ತು. ಅದಾದರೂ ತಡೆದುಕೊಳ್ಳಬಹುದು. ತಡೆಯಲಾಗದ್ದು ಇನ್ನೊಂದು. ನನ್ನ ಕಾರಿನಲ್ಲಿ ಮುಂದಿನ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇದೆ, ಅದನ್ನು ತಿಳಿಸುವ ಚಿಕ್ಕ ಪಟ್ಟಿಯನ್ನೂ ಅಲ್ಲಿ ಹೊಲಿದಿದ್ದಾರೆ. ಈ ಕವರ್ ಆ ಜಾಗವನ್ನು ದಪ್ಪ ರೆಕ್ಸಿನ್‌ನಿಂದ ಪೂರ್ತಿ ಮುಚ್ಚಿತ್ತು. ಡಿಕ್ಕಿಯಾದಾಗ ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಸೀಟು ಸೀಳಿಕೊಂಡು ಹೊರಬರಬೇಕು. ಅಡ್ಡ ಗಟ್ಟಿ ಕವರ್ ಇದ್ದರೆ ತಡವಾಗಬಹುದು, ಅಡ್ಡಾದಿಡ್ಡಿ ಬಿಚ್ಚಿಕೊಳ್ಳಬಹುದು. ಏರ್‌ಬ್ಯಾಗ್‌ಗೆ ಸರಿಹೊಂದುವ ಕವರಿನಲ್ಲಿ ಆ ಬದಿ ತೆರೆದಿರುತ್ತೆ, ಇಲ್ಲವೇ ಸುಲಭವಾಗಿ ಕಿತ್ತುಬರುವ ನೂಲಿನ ಹೊಲಿಗೆ ಇರುತ್ತೆ.

ಪ್ಯಾಕೆಟ್ ಒಡೆದಿದ್ದೀರಿ, ವಾಪಸ್ ತಗೊಳ್ಳಲ್ಲ ಅಂದ ಮಾರಾಟಗಾರ. ಒಡೆಯದೆ ಸೀಟಿಗೆ ಹಾಕೋದು ಹೇಗಪ್ಪಾ? ಜಾಹೀರಾತಿನಲ್ಲಿ "ಏರ್‌ಬ್ಯಾಗ್‌ಗೆ ಸೂಕ್ತ" ಅಂತ ಅವನೇ ಬರೆದಿದ್ದ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ, ಹೇಳಿದ ಗುಣ ಇಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ಆ ಜಾಹೀರಾತಿನ ಸ್ಕ್ರೀನ್‌ಶಾಟ್ ಕಳಿಸಿದೆ, ಒಪ್ಪಿಕೊಂಡ.

ಆಮೇಲೆ ಹೋದದ್ದು ಬಿ.ಎಂ. ರಸ್ತೆಯ ಹೊಲಿಗೆ ಅಂಗಡಿಗೆ. ಅಲ್ಲಿಯ ಅಣ್ಣ ಕಾರಿನ ಹೆಸರನ್ನೇ ಕೇಳಲಿಲ್ಲ. ಬಾಗಿಲು ತೆಗೆದು, ಟೇಪ್ ಹಿಡಿದು, ಹಿಂದಿನ ಸೀಟನ್ನು ಎತ್ತಿ ಅಡಿಯ ಕೊಕ್ಕೆಗಳು ಎಲ್ಲಿವೆ ಅಂತ ನೋಡಿದರು. ಬಕಲ್ ಬರುವ ಕಡೆ ಸೀಮೆಸುಣ್ಣದ ಗುರುತು. ಏರ್‌ಬ್ಯಾಗ್ ಬದಿಗೆ ಹೊಲಿಗೆಯೇ ಬೇಡ, ತೆರೆದೇ ಬಿಡಿ ಅಂದೆ. "ಗೊತ್ತಿದೆ ಅಕ್ಕ, ಈಗೀಗ ಎಲ್ಲ ಗಾಡಿಗೂ ಹಂಗೇ ಮಾಡ್ತಿದೀವಿ" ಅಂದರು. ಸಮಾಧಾನ ಆಯಿತು.

ಹೊತ್ತಿಗೆ ಕೊಡುವ ವಿಷಯದಲ್ಲಿ ಇವರೂ ಸತ್ಯಹರಿಶ್ಚಂದ್ರರೇನಲ್ಲ. "ನಾಳೆ ಬನ್ನಿ ಅಕ್ಕ" ಅನ್ನುವ ನಾಳೆಗಳು ಬಹಳ ಇದ್ದವು. ಆದರೆ ಅಂಗಡಿ ಊರೊಳಗಿದೆ. ಹೋಗಿ ಎದುರಿಗೆ ನಿಲ್ಲಬಹುದು, ನಿಂತರೆ ಕೆಲಸ ನಡೆಯುತ್ತದೆ. ಶೋರೂಮಿನಲ್ಲಿ ನಿಂತರೆ ಕಾಫಿ ಕೊಡುತ್ತಾರೆ, ಅಷ್ಟೇ. ಬೆಲೆ ಶೋರೂಮಿಗಿಂತ ಸ್ವಲ್ಪ ಕಡಿಮೆ. ಬಿಲ್ ಮಾತ್ರ ಕೇಳಿ ಪಡೆಯಬೇಕು. ರೆಕ್ಸಿನ್ ಹಾಸನದ ತಂಪಿಗೆ ಪರವಾಗಿಲ್ಲ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಬೆನ್ನು ಬೆವರುತ್ತದೆ. ಬಟ್ಟೆಯದ್ದು ಹೊಲಿಸಿದರೆ ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತೆ. ನಾನು ಬೆವರನ್ನೇ ಆರಿಸಿಕೊಂಡೆ.

ಕವರ್ ಹೊಲಿದವರೇ 7ಡಿ ಮ್ಯಾಟನ್ನೂ ಹಾಕಿಕೊಡ್ತೀವಿ ಅಂದರು. ನೋಡೋಕೆ ಚೆಂದ, ಆದರೆ ಅದು ಸ್ಪಂಜಿನ ಮೇಲೆ ರೆಕ್ಸಿನ್. ಅಡಿಗೆ ನೀರು ಇಳಿದರೆ ಒಣಗಲ್ಲ, ವಾಸನೆ ಶುರು. ತೋಟದ ಕೆಂಪು ಮಣ್ಣಿಗೆ ಅಂಚು ಎತ್ತರವಿರುವ ರಬ್ಬರ್ ಮ್ಯಾಟೇ ಸರಿ, ಪೈಪ್ ಹಿಡಿದು ತೊಳೆದರೆ ಮುಗಿಯಿತು. ಶೋರೂಮಿನದ್ದು ಯಾಕೆ ಅಂದರೆ, ಡ್ರೈವರ್ ಬದಿ ನೆಲದಲ್ಲಿ ಕಂಪನಿಯವರೇ ಇಟ್ಟಿರುವ ಕ್ಲಿಪ್ಪಿಗೆ ಅದರ ತೂತು ಸರಿಯಾಗಿ ಕೂರುತ್ತದೆ, ಮ್ಯಾಟ್ ಜಾರಿ ಆಕ್ಸಿಲರೇಟರ್ ಅಡಿಗೆ ಹೋಗಲ್ಲ. ಇದು ಸಣ್ಣ ವಿಷಯ ಅಲ್ಲ. 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಸುಮಾರು 38 ಲಕ್ಷ ಗಾಡಿಗಳಿಗೆ ರೀಕಾಲ್ (ದೋಷ ಸರಿಪಡಿಸಲು ವಾಪಸ್ ಕರೆಸುವುದು) ಹೊರಡಿಸಿದ್ದು ಮ್ಯಾಟು ಪೆಡಲ್‌ಗೆ ಸಿಕ್ಕಿಕೊಳ್ಳಬಹುದು ಅಂತಲೇ. ಹಳೆ ಮ್ಯಾಟಿನ ಮೇಲೆ ಹೊಸದು ಹಾಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಶೋರೂಮಿನ ಮ್ಯಾಟೂ ತಡವಾಗಿಯೇ ಬಂತು ಅನ್ನಿ, ಆದರೆ ಬಂದದ್ದು ನನ್ನ ಕಾರಿನದ್ದೇ ಆಗಿತ್ತು.